ಗೊರಕೆ ನಿಂತ ರಾತ್ರಿ

ನನ್ನ ಮಗನಿಗೆ ಆಗ 4 ವರ್ಷ. ಮಲಗಿದನೆಂದರೆ ಗೊರಕೆ ಪಕ್ಕದ ಕೋಣೆಗೂ ಕೇಳಿಸುತ್ತಿತ್ತು. "ಥೇಟ್ ಅವನ ತಾತನ ಹಾಗೆಯೇ" ಎಂದು ಅತ್ತೆ ಮುದ್ದಿನಿಂದ ಹೇಳುತ್ತಿದ್ದರು. ಕಫ ಎಂದು ತೋರಿಸಿದಾಗಲೆಲ್ಲ ಸಿರಪ್ ಬಂತು. ಮಳೆಗಾಲದಲ್ಲಿ, ದಮ್ಮು ಇರಬಹುದೆಂದು ನೆಬ್ಯುಲೈಸರ್ ಕೂಡ ಮನೆಗೆ ಬಂತು. ಹಗಲು ಪರೀಕ್ಷಿಸಿದರೆ ಎದೆ ಸ್ವಚ್ಛ. ರಾತ್ರಿ ಮತ್ತದೇ ಪಾಡು.

ಒಂದು ರಾತ್ರಿ ಕರೆಂಟ್ ಹೋಗಿ ಫ್ಯಾನ್ ನಿಂತಿತ್ತು. ಗೊರಕೆಯೂ ನಿಂತಿತು, ಅದಕ್ಕೇ ನನಗೆ ಎಚ್ಚರವಾಯಿತು. ಮೊಬೈಲ್ ಬೆಳಕು ಹಿಡಿದು ನೋಡಿದೆ. ತಲೆ ದಿಂಬಿನಿಂದ ಜಾರಿ ಕತ್ತು ಹಿಂದಕ್ಕೆ ಬಾಗಿತ್ತು. ಬಾಯಿ ತೆರೆದಿತ್ತು. ಬೆವರಿಗೆ ಕೂದಲು ಹಣೆಗಂಟಿತ್ತು. ಎದೆ ಕಷ್ಟಪಟ್ಟು ಏಳುತ್ತಿತ್ತು, ಕತ್ತಿನ ಬುಡದ ಗುಳಿ ಒಳಕ್ಕೆ ಸೇದುತ್ತಿತ್ತು. ಮೂಗಿನ ಮುಂದೆ ಬೆರಳಿಟ್ಟರೆ ಗಾಳಿಯೇ ಇಲ್ಲ. ಎಂಟು ಎಣಿಸುವಷ್ಟರಲ್ಲಿ ಮೈ ಕುಲುಕಿ, ಏದುಸಿರೆಳೆದು ಮಗ್ಗುಲಾದ. ಅವನಿಗೆ ಎಚ್ಚರವೇ ಆಗಲಿಲ್ಲ.

ಮರುದಿನದಿಂದ ಅಂಗಿ ಮೇಲೆತ್ತಿ, ಎದೆ ಮತ್ತು ಮುಖ ಎರಡೂ ಕಾಣುವಂತೆ ವಿಡಿಯೊ ಮಾಡಿದೆ. ಬೆಳಗಿನ ಜಾವಕ್ಕೆ ಈ ತಡೆ ಹೆಚ್ಚುತ್ತಿತ್ತು. ನಿಂತುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರಳಿದ್ದು, ಎದ್ದೊಡನೆ ಕಿರಿಕಿರಿ, ಟಿವಿ ಸದ್ದು ಏರಿಸುವುದು, ಎಲ್ಲವನ್ನೂ ಬರೆದಿಟ್ಟುಕೊಂಡೆ. ಅಷ್ಟು ದಿನ ವೈದ್ಯರಿಗೆ ನಾನು ಹೇಳಿದ್ದು "ಕಫ" ಎಂಬ ಒಂದೇ ಮಾತು. ಅವರು ಅದಕ್ಕೇ ಮದ್ದು ಕೊಟ್ಟಿದ್ದರು.

ಕಿವಿ ಮೂಗು ಗಂಟಲು ತಜ್ಞೆ ಎರಡು ನಿಮಿಷದ ವಿಡಿಯೊವನ್ನು ಎರಡು ಬಾರಿ ನೋಡಿದರು. ದಮ್ಮಿನ ಸುಯ್ಯೆಂಬ ಸದ್ದು ಹೆಚ್ಚಾಗಿ ಉಸಿರು ಬಿಡುವಾಗ ಬರುತ್ತದೆ, ಇವನದು ಎಳೆಯುವಾಗ ಬರುತ್ತಿದೆ ಎಂದರು. ಮಕ್ಕಳಲ್ಲಿ ಎರಡು ಉಸಿರಿನಷ್ಟು ಹೊತ್ತು ತಡೆಯಾದರೂ ಅದು ಲೆಕ್ಕಕ್ಕೆ ಬರುತ್ತದೆಯಂತೆ. ಕತ್ತಿನ ಪಕ್ಕದಿಂದ ತೆಗೆದ ಎಕ್ಸ್‌ರೇಯಲ್ಲಿ, ಮೂಗಿನ ಹಿಂದಿನ ಗಾಳಿಯ ಕಪ್ಪು ದಾರಿ ನೂಲಿನೆಳೆಯಷ್ಟೇ ಉಳಿದಿತ್ತು. ಅದನ್ನು ಮುಚ್ಚಿದ್ದು ಊದಿದ ಅಡಿನಾಯ್ಡ್. ಎಲ್ಲ ಮಕ್ಕಳಿಗೂ ಇರುವ, ದೊಡ್ಡವರಾಗುತ್ತ ತಾನಾಗಿ ಕುಗ್ಗುವ ಅಂಗಾಂಶ ಅದು. ಕಿವಿಯಿಂದ ಮೂಗಿನ ಹಿಂಭಾಗಕ್ಕೆ ಬರುವ ನಳಿಕೆಯನ್ನೂ ಅದು ಒತ್ತಿದ್ದರಿಂದ ಕಿವಿಯಲ್ಲಿ ನೀರು ನಿಂತಿತ್ತು. ಟಿವಿ ಸದ್ದಿನ ಗುಟ್ಟು ಇದು!

ಕೆಲವು ವಾರ ಮೂಗಿನ ಸ್ಪ್ರೇ ಕೊಟ್ಟು ನೋಡಿದರು. ಸಾಲಲಿಲ್ಲ. ಅಡಿನಾಯ್ಡ್ ಮತ್ತು ಟಾನ್ಸಿಲ್ ಎರಡನ್ನೂ ತೆಗೆದರು. ಅರಿವಳಿಕೆ ಎಂದಾಗ ನನಗೆ ನಡುಕ ಬಂದಿತ್ತು. ಎಲ್ಲವೂ ಬಾಯೊಳಗಿನಿಂದಲೇ ಆಯಿತು, ಹೊರಗೆ ಒಂದು ಗಾಯವೂ ಇರಲಿಲ್ಲ. ಬಾವು ಇಳಿಯುವವರೆಗೆ ಗೊರಕೆ ಇರಬಹುದೆಂದು ಮೊದಲೇ ಹೇಳಿದ್ದರು, ಇತ್ತು.

ಎರಡನೆಯ ವಾರದ ಒಂದು ರಾತ್ರಿ ಕೋಣೆಯಲ್ಲಿ ಸದ್ದೇ ಇರಲಿಲ್ಲ. ಗಾಬರಿಯಾಗಿ ಎದ್ದು ಬೆರಳಿಟ್ಟೆ. ಮೂಗಿನಿಂದ ಬೆಚ್ಚನೆಯ ಗಾಳಿ ಬರುತ್ತಿತ್ತು. ನಿದ್ದೆಯಲ್ಲಿ ಅವನ ತುಟಿಗಳು ಮುಚ್ಚಿದ್ದನ್ನು ಎಷ್ಟೋ ತಿಂಗಳ ಮೇಲೆ ನೋಡಿದೆ.