ಎಂಟು ಗಂಟೆಯ ಬಿಡುವಿನಲ್ಲಿ ಒಬ್ಬರೇ ಆಮ್‌ಸ್ಟರ್‌ಡ್ಯಾಮ್ ನೋಡುವುದು

ಬೆಂಗಳೂರಿನಿಂದ ಅಮೆರಿಕಕ್ಕೆ ಹೋಗುವ ದಾರಿಯಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಸ್ಕಿಪೋಲ್ ವಿಮಾನ ನಿಲ್ದಾಣದಲ್ಲಿ ಎಂಟು ಗಂಟೆ ಕಾಯಬೇಕಾಗಿ ಬಂದರೆ, ಇಳಿದು ವಲಸೆ ತಪಾಸಣೆ ದಾಟಲು ಒಂದೂವರೆ ಗಂಟೆ, ರೈಲಿನ ಓಡಾಟಕ್ಕೆ ಒಂದು ಗಂಟೆ, ಮುಂದಿನ ವಿಮಾನಕ್ಕೆ ಎರಡೂವರೆ ಗಂಟೆ ಮುಂಚೆ ಮರಳುವುದು ಎಂದು ಕಳೆದರೆ ಊರಿಗೆ ಉಳಿಯುವುದು ಮೂರೇ ಗಂಟೆ. ಆದ್ದರಿಂದ ವಸ್ತುಸಂಗ್ರಹಾಲಯಗಳ ಆಸೆ ಬಿಟ್ಟು ಒಂದೇ ಒಂದು ಸುತ್ತು ನಡೆಯುವುದು ಮೇಲು. ನಾಜಿಗಳಿಂದ ಅಡಗಿದ್ದು ದಿನಚರಿ ಬರೆದ ಬಾಲಕಿ ಆ್ಯನ್ ಫ್ರಾಂಕ್ ಅವರ ಮನೆಗಂತೂ ಮುಂಗಡವಾಗಿ ಆನ್‌ಲೈನ್‌ನಲ್ಲೇ ಟಿಕೆಟ್ ಪಡೆದಿರಬೇಕು.

ಭಾರತದ ಪಾಸ್‌ಪೋರ್ಟ್ ಉಳ್ಳವರು ನಿಲ್ದಾಣದಿಂದ ಹೊರಬರಲು ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಷೆಂಗನ್ ವೀಸಾ ಬೇಕು. ಅಮೆರಿಕದ ವೀಸಾ ಅದಕ್ಕೆ ಸಾಲದು. ಮರಳುವಾಗಲೂ ಊರು ನೋಡುವ ಯೋಚನೆಯಿದ್ದರೆ ಒಂದಕ್ಕಿಂತ ಹೆಚ್ಚು ಪ್ರವೇಶಗಳ ವೀಸಾವನ್ನೇ ಕೇಳಬೇಕು. ದೊಡ್ಡ ಪೆಟ್ಟಿಗೆ ನೇರವಾಗಿ ಕೊನೆಯ ಊರಿಗೇ ಹೋಗುತ್ತದೆಯೇ ಎಂದು ಬೆಂಗಳೂರಿನ ಕೌಂಟರಿನಲ್ಲೇ ಕೇಳಿಕೊಂಡು, ಕೈಚೀಲವನ್ನು ಸ್ಕಿಪೋಲ್‌ನ ಲಾಕರಿನಲ್ಲಿಡಬಹುದು. ಒಬ್ಬರೇ ಇರುವಾಗ ಚೀಲ ನೋಡಿಕೊಳ್ಳುವವರು ಯಾರೂ ಇರುವುದಿಲ್ಲವಾದ್ದರಿಂದ ಈ ಖರ್ಚು ದಂಡವಲ್ಲ.

ರೈಲು ನಿಲ್ದಾಣವಿರುವುದು ವಿಮಾನ ನಿಲ್ದಾಣದ ಕೆಳಗೇ. ವೀಸಾ ಅಥವಾ ಮಾಸ್ಟರ್‌ಕಾರ್ಡ್ ಕಂಪನಿಯ ಸ್ಪರ್ಶರಹಿತ (ಕಾಂಟ್ಯಾಕ್ಟ್‌ಲೆಸ್) ಬ್ಯಾಂಕ್ ಕಾರ್ಡನ್ನು ಯಂತ್ರಕ್ಕೆ ತೋರಿಸಿ ಒಳಹೋಗಬಹುದು, ಇಳಿದಾಗ ಅದೇ ಕಾರ್ಡನ್ನು ಮತ್ತೆ ತೋರಿಸಬೇಕು. ಕಾರ್ಡಿನ ವಿದೇಶಿ ಬಳಕೆಗೆ ಬ್ಯಾಂಕಿನ ಆ್ಯಪ್‌ನಲ್ಲಿ ಮೊದಲೇ ಅನುಮತಿ ಕೊಟ್ಟಿರಬೇಕು. ಕಾಲುಗಂಟೆಯ ಆಸುಪಾಸಿನಲ್ಲಿ ಊರಿನ ಮುಖ್ಯ ರೈಲು ನಿಲ್ದಾಣ ಸೆಂಟ್ರಾಲ್ ಬರುತ್ತದೆ.

ಅಲ್ಲಿಂದ ಡಾಮ್ರಾಕ್ ಬೀದಿಯಲ್ಲಿ ನೇರ ನಡೆದರೆ ಡಾಮ್ ಚೌಕ. ಈ ಬೀದಿಯ ಜನಜಂಗುಳಿಯಲ್ಲಿ ಜೇಬಿನ ಮೇಲೆ ಕಣ್ಣಿರಲಿ, ಹೆಚ್ಚು ಹೊತ್ತು ನಿಲ್ಲುವಂಥದ್ದೂ ಇಲ್ಲಿಲ್ಲ. ಚೌಕದಲ್ಲಿರುವ ಅರಮನೆಯನ್ನು 17ನೆಯ ಶತಮಾನದಲ್ಲಿ ಪುರಭವನವಾಗಿ ಕಟ್ಟಿದ್ದು. ಜೌಗು ನೆಲದಲ್ಲಿ ಅದು ನಿಂತಿರುವುದು 13,659 ಮರದ ಕಂಬಗಳ ಮೇಲೆ. ಅರಮನೆಯ ಹಿಂದಿನಿಂದ ಪಶ್ಚಿಮಕ್ಕೆ ಹೊರಟರೆ ಸಿಂಗೆಲ್, ಹೇರೆನ್‌ಗ್ರಾಕ್ಟ್, ಕೈಜರ್ಸ್‌ಗ್ರಾಕ್ಟ್, ಪ್ರಿನ್ಸೆನ್‌ಗ್ರಾಕ್ಟ್ ಕಾಲುವೆಗಳು ಇದೇ ಕ್ರಮದಲ್ಲಿ ಎದುರಾಗುತ್ತವೆ. ಒಂಟಿ ನಡಿಗೆಯವರಿಗೆ ಇದಕ್ಕಿಂತ ಒಳ್ಳೆಯ ನಕ್ಷೆಯಿಲ್ಲ: ಎಷ್ಟು ಕಾಲುವೆ ದಾಟಿದೆವೆಂಬ ಎಣಿಕೆ ತಪ್ಪದಿದ್ದರೆ, ಫೋನ್ ಸತ್ತರೂ ದಾರಿ ತಪ್ಪುವುದಿಲ್ಲ. ತಲೆಯೆತ್ತಿದರೆ ಮನೆಗಳ ನೆತ್ತಿಯಲ್ಲಿ ಕಬ್ಬಿಣದ ಕೊಕ್ಕೆಗಳು ಕಾಣುತ್ತವೆ. ಮೆಟ್ಟಿಲುಗಳು ಅಷ್ಟು ಕಿರಿದಾಗಿರುವುದರಿಂದ ಮಂಚ, ಬೀರುಗಳನ್ನು ಹಗ್ಗ ಕಟ್ಟಿ ಕಿಟಕಿಯಿಂದಲೇ ಒಳಗೆಳೆದುಕೊಳ್ಳುತ್ತಾರೆ. ನಾಲ್ಕನೆಯ ಕಾಲುವೆಯ ದಡದಲ್ಲಿರುವ ವೆಸ್ಟರ್‌ಕೆರ್ಕ್ ಚರ್ಚಿನಲ್ಲಿ 1669ರಲ್ಲಿ ಚಿತ್ರಕಾರ ರೆಂಬ್ರಾಂಟ್‌ನನ್ನು ಹೂಳಲಾಯಿತು.

ಅಲ್ಲಿಂದ ಪ್ರಿನ್ಸೆನ್‌ಗ್ರಾಕ್ಟ್ ದಡದಲ್ಲೇ ಉತ್ತರಕ್ಕೆ ನಡೆದು, ಬ್ರೌವರ್ಸ್‌ಗ್ರಾಕ್ಟ್ ಕಾಲುವೆಯ ಬಳಿ ಬಲಕ್ಕೆ ತಿರುಗಿದರೆ ಸೆಂಟ್ರಾಲ್ ಕಡೆಗೇ ಮರಳುತ್ತೀರಿ. ಕೆಂಪು ಬಣ್ಣದ ದಾರಿ ಸೈಕಲ್ಲುಗಳದ್ದು. ಫೋಟೊ ತೆಗೆಯಲೆಂದು ಅದರ ಮೇಲೆ ನಿಲ್ಲಬಾರದು. ಕಾಫಿ ಬೇಕಾದವರು ‘ಕೆಫೆ’ ಎಂಬ ಫಲಕ ನೋಡಿ ಹೋಗಬೇಕೇ ಹೊರತು ‘ಕಾಫಿಶಾಪ್’ ಎಂಬುದನ್ನಲ್ಲ, ಅಲ್ಲಿ ಮಾರುವುದು ಗಾಂಜಾ.

ಇನ್ನೂ ಅರ್ಧ ಗಂಟೆ ಉಳಿದಿದ್ದರೆ, ಸೆಂಟ್ರಾಲ್ ನಿಲ್ದಾಣದ ಹಿಂಬದಿಯಿಂದ ಆಯ್ ಎಂಬ ಜಲಮಾರ್ಗದ ಆಚೆಗೆ ಹೋಗುವ ಉಚಿತ ದೋಣಿ ಹತ್ತಿ ಕೆಲವೇ ನಿಮಿಷಗಳಲ್ಲಿ ಆಚೆ ದಡ ಮುಟ್ಟಿ, ಮುಂದಿನ ದೋಣಿಯಲ್ಲೇ ಮರಳಿ ಸ್ಕಿಪೋಲ್ ರೈಲು ಹಿಡಿಯಬಹುದು.