ಮುಳುಗಿದ ಹಡಗು ನೋಡೋಕೆ ಕೊಡಗಿನಿಂದ ಹೊರಡೋರಿಗೆ

ನಮ್ ಕೊಡಗಲ್ಲಿ ಸಮುದ್ರ ಇಲ್ಲ ನಿಜ, ಆದ್ರೂ ಹಳೇ ಹಡಗಿನ ಹತ್ರ ಡೈವ್ ಮಾಡೋ ಆಸೆ ಇದ್ರೆ ಮೊದ್ಲು ಮುರುಡೇಶ್ವರಕ್ಕೆ ಹೋಗಿ ಅಲ್ಲಿನ ನೇತ್ರಾಣಿ ದ್ವೀಪದಲ್ಲಿ ಓಪನ್ ವಾಟರ್ ಅನ್ನೋ ಮೊದಲ ಹಂತದ ಡೈವಿಂಗ್ ಕೋರ್ಸ್ ಮುಗಿಸ್ಕೊಳ್ಳಿ. ಅದರಲ್ಲಿ 18 ಮೀಟರ್ ತನಕ ಇಳೀಬೋದು, ಮುಂದಿನ ಹಂತದ ಅಡ್ವಾನ್ಸ್ಡ್ ಕೋರ್ಸ್ ಮಾಡಿದ್ರೆ 30. ಮಳೆಗಾಲದಲ್ಲಿ ಅಲ್ಲಿ ಡೈವಿಂಗ್ ಬಂದ್.

ಆಮೇಲೆ ಕಾಫಿ ಕೊಯ್ಲು ಮುಗಿಸಿ ಶ್ರೀಲಂಕಾದ ಪೂರ್ವ ಕರಾವಳಿಗೆ ಹೋಗಿ. ಅಲ್ಲಿ ಬ್ರಿಟಿಷ್ ಸಾರ್ಜೆಂಟ್ ಅನ್ನೋ ಎಣ್ಣೆ ಸಾಗಿಸೋ ಟ್ಯಾಂಕರ್ ಹಡಗು ಇದೆ, 1942ರ ಏಪ್ರಿಲ್ 9ಕ್ಕೆ ಜಪಾನಿ ವಿಮಾನಗಳು ಮುಳುಗಿಸಿದ್ದು, ಸುಮಾರು 24 ಮೀಟರ್ ಆಳ. ಅದೇ ದಿನ ಮುಳುಗಿದ ಯುದ್ಧನೌಕೆ ಹರ್ಮಿಸ್ 50 ಮೀಟರ್‌ಗಿಂತ ಕೆಳಗಿದೆ, ತುಂಬಾ ಆಳಕ್ಕೆ ಇಳಿಯೋಕೆ ಬೇಕಾದ ಟೆಕ್ನಿಕಲ್ ಟ್ರೈನಿಂಗ್ ಇಲ್ದೆ ಆ ಕಡೆ ಯೋಚ್ನೇನೂ ಮಾಡ್ಬೇಡಿ. ಮುನ್ನೂರಕ್ಕೂ ಹೆಚ್ಚು ಜನ ಪ್ರಾಣ ಬಿಟ್ಟ ಜಾಗ ಅದು.

ಹಡಗಿನ ಒಳಗೆ ಮಾತ್ರ ರೆಕ್ ಕೋರ್ಸ್ (ಮುಳುಗಿದ ಹಡಗಲ್ಲಿ ಡೈವ್ ಮಾಡೋ ತರಬೇತಿ) ಮಾಡದೆ ನುಗ್ಬೇಡಿ, ಕಾಲು ಜೋರಾಗಿ ಬಡಿದ್ರೆ ಹೂಳು ಎದ್ದು ಬಾಗಿಲೇ ಕಾಣಲ್ಲ. ಎರಡು ಟಾರ್ಚ್, ಬಲೆ ಕತ್ತರಿಸೋಕೆ ಚಾಕು, ಸಿಲಿಂಡರಲ್ಲಿರೋ ಉಸಿರಾಟದ ಗ್ಯಾಸಲ್ಲಿ ಮೂರನೇ ಒಂದು ಭಾಗ ಹೋಗೋಕೆ, ಇನ್ನೊಂದು ಬರೋಕೆ, ಉಳಿದಿದ್ದು ಆಪತ್ತಿಗೆ. ಒಂದು ಮೊಳೆನೂ ಎತ್ಕೊಂಡು ಬರ್ಬೇಡಿ.

ನಮ್ಮೋರು ಮರೆಯೋದು ಒಂದಿದೆ. ಮಡಿಕೇರಿ 1100 ಮೀಟರ್‌ಗಿಂತ ಎತ್ತರದಲ್ಲಿದೆ, ನೇತ್ರಾಣಿಯಲ್ಲಿ ಡೈವ್ ಮಾಡಿ ಸಂಜೆನೇ ಸಂಪಾಜೆ ಘಾಟಿ ಹತ್ತಿದ್ರೆ ಗಾಳಿ ಒತ್ತಡ ಕಮ್ಮಿಯಾಗಿ ಮೈಯಲ್ಲಿ ಉಳಿದಿರೋ ನೈಟ್ರೋಜನ್ ಗುಳ್ಳೆಯಾಗ್ಬೋದು, ಕೀಲು ನೋವಿಂದ ಲಕ್ವದ ತನಕ ಹೋಗತ್ತೆ. ಡೈವ್ ಆದ್ಮೇಲೆ ವಿಮಾನ ಹತ್ತೋಕೆ ಇಷ್ಟು ಹೊತ್ತು ಕಾಯ್ಬೇಕು ಅಂತ ಹೇಳೋ ಲೆಕ್ಕಾನೇ ಇಲ್ಲೂ ಇಟ್ಕೊಳ್ಳಿ, ಒಂದೇ ಡೈವ್ ಆದ್ರೆ 12 ಗಂಟೆ, ಜಾಸ್ತಿ ಆದ್ರೆ 18. ದಯವಿಟ್ಟು ಆ ರಾತ್ರಿ ಕೆಳಗೇ ಮಲಗಿ ಬನ್ನಿ.