ಹಳೇ ಟಾಟಾ 407 ಲಾರಿಯ ಹೆಡ್‌ಲೈಟ್ ಸರಿಮಾಡಿದ್ದು: ನನ್ನ ಅನುಭವ

ಕಳೆದ ಆಷಾಢದಲ್ಲಿ ಶಿವಮೊಗ್ಗದಿಂದ ಸುಣ್ಣ, ಮೈಲುತುತ್ತ ತುಂಬಿಕೊಂಡು ತೀರ್ಥಹಳ್ಳಿ ಕಡೆ ಬರುತ್ತಿದ್ದೆ. ಅಡಿಕೆಗೆ ಕೊಳೆ ಔಷಧಿ ಹೊಡೆಯುವ ಸಮಯ. ಎಲ್ಲರಿಗೂ ಇವತ್ತೇ ಬೇಕು. ಗಾಜನೂರು ದಾಟುವಾಗಲೇ ಕತ್ತಲಾಯಿತು, ಸಕ್ರೆಬೈಲಿನಿಂದ ಮಳೆ ಜೋರಾಯಿತು. ಮಂಡಗದ್ದೆ ಹತ್ತಿರ ಒಂದು ತಿರುವಿನಲ್ಲಿ ರಸ್ತೆ ಮೇಲೆ ಮಲಗಿದ್ದ ದನಗಳು ನನಗೆ ಕಾಣಲೇ ಇಲ್ಲ. ಕಪ್ಪು ಮಲೆನಾಡು ಗಿಡ್ಡ, ಕಪ್ಪು ಟಾರು, ಮೇಲೆ ನೀರು. ಬ್ರೇಕ್ ಒತ್ತಿ ನಿಂತಾಗ ಬಂಪರಿಗೂ ಮುಂದಿನ ದನಕ್ಕೂ ಎರಡು ಮಾರು ಜಾಗ ಇತ್ತೋ ಇಲ್ಲವೋ. ಅದು ಏಳಲೂ ಇಲ್ಲ. ಮೆಲುಕು ಹಾಕುತ್ತಾ ಲೈಟಿನ ಕಡೆ ಒಮ್ಮೆ ನೋಡಿತು, ಅಷ್ಟೇ. ನನ್ನ ಗಾಡಿಯ ಲೈಟು ಚಿಮಣಿ ಬುಡ್ಡಿ ಹಾಗೆ ಉರಿಯುತ್ತಿತ್ತು. ಅದನ್ನು ನೋಡಿ ಯಾವ ದನ ತಾನೇ ಏಳುತ್ತದೆ?

ನನ್ನದು 1998ರ 407. ಲೈಟಿನ ತಕರಾರು ಎರಡು ವರ್ಷದ್ದು. ಒಬ್ಬ ಎಲೆಕ್ಟ್ರಿಷಿಯನ್ ಬಲ್ಬ್ ಹಳೆಯದಾಗಿದೆ ಅಂತ ಹೊಸದು ಹಾಕಿದರು. ಇನ್ನೊಬ್ಬರು 60/55 ವಾಟಿನದು (ಬ್ರೈಟಿಗೆ 60, ಡಿಮ್ಮಿಗೆ 55) ತೆಗೆದು 100/90 ಹಾಕಿ, ‘ಇನ್ನು ನೋಡಿ’ ಅಂದರು. ನೋಡಿದೆ. ಎರಡು ವಾರ ಸ್ವಲ್ಪ ಜಾಸ್ತಿ ಬೆಳಕು ಬಂತು, ಆಮೇಲೆ ಬಲ್ಬಿನ ಹೋಲ್ಡರ್ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಸುಟ್ಟ ವಾಸನೆ ಬಂತು. 60 ವಾಟಿನ ಎರಡು ಬಲ್ಬ್ ಸೇರಿ ಎಳೆಯುವುದು ಸುಮಾರು 10 ಆಂಪಿಯರ್. 100 ವಾಟಿನವು ಎಳೆಯುವುದು 16ಕ್ಕೂ ಮೇಲೆ. ಮೊದಲೇ ಮುದಿಯಾದ ವೈರಿಗೆ ಅಷ್ಟು ಹೊರಿಸಿದರೆ ಅದು ಬೆಳಕು ಕೊಡುವುದಿಲ್ಲ, ಬಿಸಿಯಾಗುತ್ತದೆ.

ದನಗಳ ಪ್ರಸಂಗ ಆದ ಮೇಲೆ ನಾನೇ ಕೂತು ನೋಡಬೇಕು ಅಂತ ತೀರ್ಮಾನಿಸಿದೆ. ಮೊದಲು ಹಳೇ 60/55 ಬಲ್ಬುಗಳನ್ನೇ ವಾಪಸ್ ಹಾಕಿದೆ. (ಹ್ಯಾಲೋಜನ್ ಬಲ್ಬಿನ ಗಾಜನ್ನು ಬರಿಗೈಯಲ್ಲಿ ಮುಟ್ಟಬೇಡಿ. ಬೆರಳಿನ ಜಿಡ್ಡು ಅಂಟಿದ ಕಡೆ ಬಿಸಿ ಜಾಸ್ತಿಯಾಗಿ ಬೇಗ ಹೋಗುತ್ತದೆ.) ಬ್ಯಾಟರಿ ಮೇಲೆ ನನಗೆ ಅನುಮಾನ ಇರಲಿಲ್ಲ. ಒಂದೇ ಸೆಲ್ಫಿಗೆ ಗಾಡಿ ಎದ್ದು ನಿಲ್ಲುತ್ತಿತ್ತು.

ಸುಳಿವು ಸಿಕ್ಕಿದ್ದು ಡ್ಯಾಶ್‌ಬೋರ್ಡಿನಲ್ಲಿ. ರಾತ್ರಿ ಶೆಡ್ಡಿನಲ್ಲಿ ಲೈಟನ್ನು ಡಿಮ್ಮಿಗೆ ಹಾಕಿ ಸುಮ್ನೆ ಕೂತಿದ್ದೆ. ಬ್ರೈಟ್ ಹಾಕಿದಾಗ ಮಾತ್ರ ಹತ್ತಬೇಕಾದ ನೀಲಿ ದೀಪ ಮಿಣುಕು ಮಿಣುಕಾಗಿ ಹತ್ತಿತ್ತು. ಇಳಿದು ಎಡಗಡೆ ಲೈಟನ್ನು ಹತ್ತಿರದಿಂದ ನೋಡಿದೆ. ಬಲ್ಬಿನ ಒಳಗೆ ಎರಡು ತಂತಿಯೂ ಕೆಂಪಗೆ ಕಾಣುತ್ತಿದ್ದವು. ಉರಿಯಬೇಕಾದದ್ದು ಒಂದೇ.

ಇದರ ಕಾರಣ ತಲೆಗೆ ಹೋಗಲು ನನಗೆ ಒಂದು ಲೋಟ ಕಾಫಿ ಬೇಕಾಯಿತು. ಆ ಬಲ್ಬಿಗೆ ಮೂರು ಕಾಲು. ಡಿಮ್ಮಿಗೆ ಒಂದು, ಬ್ರೈಟಿಗೆ ಒಂದು, ಎರಡಕ್ಕೂ ಸೇರಿ ಅರ್ತಿಂಗ್ (ಕರೆಂಟ್ ಗಾಡಿಯ ಬಾಡಿ ಮೂಲಕ ಬ್ಯಾಟರಿಗೆ ವಾಪಸ್ ಹೋಗುವ ದಾರಿ) ಒಂದು. ಅರ್ತಿಂಗ್ ಕೆಟ್ಟರೆ ಡಿಮ್ಮಿನಲ್ಲಿ ಬಂದ ಕರೆಂಟಿಗೆ ವಾಪಸ್ ಹೋಗಲು ದಾರಿ ಇಲ್ಲ. ಅದು ಬ್ರೈಟಿನ ತಂತಿ ಹತ್ತಿ, ಬ್ರೈಟಿನ ವೈರಿನಲ್ಲಿ ಹಿಂದಕ್ಕೆ ಹರಿದು, ಬಲಗಡೆ ಬಲ್ಬಿನ ಮೂಲಕ ಅದರ ಅರ್ತಿಂಗ್ ಸೇರುತ್ತದೆ. ದಾರಿಯಲ್ಲಿ ನೀಲಿ ದೀಪಕ್ಕೂ ಒಂದಿಷ್ಟು ಸಿಗುತ್ತದೆ. ಸೇತುವೆ ಮುಳುಗಿದಾಗ ನಾವು ಊರೂರು ಸುತ್ತಿ ಮನೆ ಸೇರುವುದಿಲ್ವಾ, ಹಾಗೆ.

ಮರುದಿನ ಮೀಟರ್ ಹಿಡಿದೆ. ಇಲ್ಲಿ ನಾನೂ ಮೊದಲು ಮೋಸ ಹೋಗಿದ್ದೆ. ಹೋಲ್ಡರ್ ಕಳಚಿ ಖಾಲಿ ಪಿನ್ನಿಗೆ ಮೀಟರ್ ಇಟ್ಟರೆ 12 ವೋಲ್ಟ್ ತೋರಿಸುತ್ತದೆ, ಎಲ್ಲ ಸರಿ ಇದೆ ಅನ್ನಿಸುತ್ತದೆ. ಮೀಟರ್ ಎಳೆಯುವ ಕರೆಂಟ್ ಏನೂ ಇಲ್ಲ, ಅದಕ್ಕೆ ಒಂದೆಳೆ ತಂತಿ ಉಳಿದಿದ್ದರೂ ಸಾಕು. ಬಲ್ಬ್ ಉರಿಯುತ್ತಿರುವಾಗಲೇ ಹೋಲ್ಡರಿನ ಹಿಂದಿನಿಂದ ಮೊನೆ ತೂರಿಸಿ ಅಳೆಯಬೇಕು. ಹಾಗೆ ಅಳೆದಾಗ ಎಡಗಡೆ ಸಿಕ್ಕಿದ್ದು 7.8 ವೋಲ್ಟ್. ಆಗ ಬ್ಯಾಟರಿಯಲ್ಲಿ 12.2 ಇತ್ತು, ಇಂಜಿನ್ ಆಫ್.

ಉಳಿದ 4.4 ಎಲ್ಲಿ ಹೋಯಿತು? ಮೀಟರಿನ ಕಪ್ಪು ಮೊನೆಗೆ ಉದ್ದ ವೈರ್ ಕಟ್ಟಿ ಬ್ಯಾಟರಿಯ ನೆಗೆಟಿವ್‌ಗೆ ಹಾಕಿದೆ. ಕೆಂಪು ಮೊನೆ ಬಲ್ಬಿನ ಅರ್ತಿಂಗ್ ಕಾಲಿಗೆ. ಅಲ್ಲಿ ಸೊನ್ನೆ ಇರಬೇಕು, ಬಂದದ್ದು 2.8. ಡಿಮ್ಮಿನ ಕಾಲಿಗೆ ಇಟ್ಟರೆ 10.6. ಅಂದರೆ ವಾಪಸ್ ದಾರಿಯಲ್ಲಿ 2.8, ಬರುವ ದಾರಿಯಲ್ಲಿ 1.6 ನಷ್ಟ. ಒಂದು ಗಾಡಿಗೆ ಎರಡು ರೋಗ.

ಅರ್ತಿಂಗ್ ಸುಲಭ. ಎಡಗಡೆ ಲೈಟಿನ ಹಿಂದೆ ಬಾಡಿ ತಗಡಿಗೆ ಒಂದು ಸ್ಕ್ರೂ ಹಾಕಿದ್ದರು. ವೈರಿನ ತುದಿಯ ಲೋಹದ ಉಂಗುರದ (ಲಗ್) ಕೆಳಗೆ ಬಣ್ಣ, ಬಣ್ಣದ ಕೆಳಗೆ ತುಕ್ಕು. ಮಲೆನಾಡಿನ ಮಳೆಗಾಲದಲ್ಲಿ ಚಕ್ರದಿಂದ ಚಿಮ್ಮುವ ಕೆಸರು ನಾಲ್ಕು ತಿಂಗಳು ಅಲ್ಲೇ ಕೂತಿರುತ್ತದೆ. ವೈರಿನ ತುದಿ ಕತ್ತರಿಸಿದರೆ ಒಳಗಿನ ತಾಮ್ರ ಒಂದು ಗೇಣಿನವರೆಗೆ ಕಪ್ಪಾಗಿತ್ತು. ಅಷ್ಟನ್ನೂ ಬಿಸಾಕಿ, ಹೊಸ ವೈರಿಗೆ ಹೊಸ ಲಗ್ ಒತ್ತಿ, ತಗಡನ್ನು ಬಿಟ್ಟು ನೇರ ಚಾಸಿಗೆ (ಗಾಡಿಯ ಕಬ್ಬಿಣದ ಚೌಕಟ್ಟಿಗೆ) ತಂದೆ. ಚಾಸಿಯ ಜಾಗವನ್ನು ಉಪ್ಪುಕಾಗದದಲ್ಲಿ ಬಿಳಿ ಲೋಹ ಕಾಣುವವರೆಗೆ ತಿಕ್ಕಿ, ಬೋಲ್ಟ್ ಬಿಗಿ ಮಾಡಿ, ಮೇಲೆ ಗ್ರೀಸ್ ಮೆತ್ತಿದೆ. 2.8 ಇದ್ದದ್ದು 0.1ಕ್ಕೆ ಇಳಿಯಿತು. ನೀಲಿ ದೀಪ ಆರಿತು. ಬಲಗಡೆಗೂ ಹಾಗೇ ಮಾಡಿದೆ.

ಆದರೂ ಬೆಳಕು ಹಳದಿಯೇ. ಬಲ್ಬಿಗೆ ಸಿಗುತ್ತಿದ್ದದ್ದು 10.3. ವೋಲ್ಟೇಜ್ ನೂರಕ್ಕೆ ಹತ್ತು ಇಳಿದರೆ ಬೆಳಕು ಹೆಚ್ಚುಕಡಿಮೆ ನೂರಕ್ಕೆ ಮೂವತ್ತು ಇಳಿಯುತ್ತದೆ. ಇಲ್ಲಿ ಹತ್ತಕ್ಕಿಂತ ಜಾಸ್ತಿಯೇ ಹೋಗಿತ್ತು.

ಬರುವ ದಾರಿಯನ್ನು ತುಂಡು ತುಂಡಾಗಿ ಅಳೆದೆ. ಫ್ಯೂಸಿನ ಈಚೆಗೊಂದು ಮೊನೆ, ಆಚೆಗೊಂದು ಮೊನೆ: 0.4. ಫ್ಯೂಸ್ ಹಿಡಿಯುವ ತಗಡಿನ ಕಿವಿಗಳಿಗೆ ಹಸಿರು ಕಿಲುಬು ಹಿಡಿದಿತ್ತು. ತೆಂಗಿನ ಗರಿಕಡ್ಡಿಗೆ ಉಪ್ಪುಕಾಗದ ಸುತ್ತಿ ಉಜ್ಜಿದೆ. ಸ್ಟೇರಿಂಗ್ ಕೆಳಗಿನ ಸ್ವಿಚ್ಚಿನಲ್ಲಿ 0.9. ಕಳ್ಳ ಅವನೇ. ಹತ್ತು ನಿಮಿಷ ಲೈಟ್ ಹಾಕಿಟ್ಟು ಸ್ವಿಚ್ ಮುಟ್ಟಿದರೆ ಬೆಚ್ಚಗಿತ್ತು. ಉಳಿದದ್ದು ಅಲ್ಲಲ್ಲಿ ವೈರ್ ಜೋಡಿಸುವ ಕಪ್ಲರಿನಲ್ಲಿ, ವೈರಿನ ಉದ್ದದಲ್ಲಿ. ಒಂದು ಕಡೆ ಇಲಿ ಕಡಿದದ್ದಕ್ಕೆ ಯಾರೋ ತಂತಿ ಹೊಸೆದು ಬರೀ ಟೇಪ್ ಸುತ್ತಿದ್ದರು.

ಸ್ವಿಚ್ ಹೊಸದು ಹಾಕಬಹುದಿತ್ತು. ಆದರೆ ಪೂರ್ತಿ ಕರೆಂಟ್ ಅದರೊಳಗೇ ಹೋದರೆ ಅದೂ ಹೀಗೇ ಆಗುತ್ತದೆ. ನನ್ನ ಗಾಡಿಯ ಲೈಟಿಗೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಪುಟ್ಟ ಡಬ್ಬಿ) ಇರಲಿಲ್ಲ. ಹಾಗಾಗಿ ಎರಡು ರಿಲೇ ತಂದೆ, ಡಿಮ್ಮಿಗೊಂದು, ಬ್ರೈಟಿಗೊಂದು. ರಿಲೇ ತಳದಲ್ಲಿ ನಂಬರ್ ಇರುತ್ತದೆ. 30ಕ್ಕೆ ಬ್ಯಾಟರಿಯಿಂದ ನೇರ ವೈರ್, 87ರಿಂದ ಬಲ್ಬುಗಳಿಗೆ, 86ಕ್ಕೆ ಹಳೇ ಹೆಡ್‌ಲೈಟ್ ವೈರ್, 85 ಚಾಸಿಗೆ. ಈಗ ಸ್ವಿಚ್ ಬರೀ ರಿಲೇಗೆ ಸನ್ನೆ ಮಾಡುತ್ತದೆ, ಭಾರ ಹೊರುವುದು ಹೊಸ ವೈರ್. ವೈರ್ 2.5 ಚದರ ಮಿಲಿಮೀಟರಿನದು. ಎರಡು ರಿಲೇಗೂ ಬೇರೆ ಬೇರೆ 15 ಆಂಪಿಯರ್ ಫ್ಯೂಸ್, ಅದೂ ಬ್ಯಾಟರಿಯ ಪಕ್ಕದಲ್ಲೇ. ಒಂದೇ ಫ್ಯೂಸ್ ಹಾಕಿ, ಅದು ಘಾಟಿಯಲ್ಲಿ ಹೋದರೆ ಎರಡೂ ಒಟ್ಟಿಗೆ ಕತ್ತಲು. ಕೆಲಸ ಶುರು ಮಾಡುವ ಮೊದಲು ಬ್ಯಾಟರಿ ನೆಗೆಟಿವ್ ಕಳಚಿಡಿ. ನಾನು ಮರೆತು ಒಂದು ಸ್ಪ್ಯಾನರ್ ತುದಿ ಸುಟ್ಟುಕೊಂಡೆ. ದೊಡ್ಡ ಲಾರಿಗಳಲ್ಲಿ ಎರಡು ಬ್ಯಾಟರಿ ಸೇರಿ 24 ವೋಲ್ಟ್ ಇರುತ್ತದೆ, ಅದಕ್ಕೆ 24ರದೇ ರಿಲೇ, 24ರದೇ ಬಲ್ಬ್ ಬೇಕು.

ಎಲ್ಲ ಮುಗಿಸಿ ಇಂಜಿನ್ ಹಾಕಿದಾಗ ಬ್ಯಾಟರಿಯಲ್ಲಿ 13.9, ಬಲ್ಬಿನಲ್ಲಿ 13.4. ಅದೇ 60/55 ಬಲ್ಬ್, ಹೊಸದಲ್ಲ. ಎದುರಿನ ಕೊಟ್ಟಿಗೆ ಗೋಡೆ ಬೆಳ್ಳಗಾಯಿತು. ಒಳಗಿದ್ದ ಹಸು ಎದ್ದು ನಿಂತಿತು.

ಬೆಳಕಿನ ಎತ್ತರವನ್ನೂ ಅದೇ ಗೋಡೆಯ ಮೇಲೆ ಸರಿಮಾಡಿದೆ. 25 ಅಡಿ ದೂರದಲ್ಲಿ ಗಾಡಿ ನಿಲ್ಲಿಸಿ, ಲೈಟಿನ ಮಧ್ಯದ ಎತ್ತರಕ್ಕೆ ಸುಣ್ಣದಲ್ಲಿ ಗೆರೆ ಎಳೆದು, ಡಿಮ್ಮಿನ ಮೇಲಂಚನ್ನು ಅದಕ್ಕಿಂತ ಎರಡು ಇಂಚು ಕೆಳಗೆ ತಂದೆ. ಮರುದಿನ ಲೋಡ್ ಹೇರಿಕೊಂಡು ಹೊರಟರೆ ಎದುರು ಬಂದ ಬಸ್ಸಿನವರೆಲ್ಲ ಲೈಟ್ ಹೊಡೆದು ಬೈಯುತ್ತಿದ್ದಾರೆ. ಖಾಲಿ ಗಾಡಿಯಲ್ಲಿ ಅಳೆದಿದ್ದೆ ನೋಡಿ. ಮೂಟೆ ಬಿದ್ದಾಗ ಹಿಂಭಾಗ ಕೂತು ಮೂತಿ ಮೇಲೆದ್ದಿತ್ತು. ಮುಂದಿನ ಸಲ ಮೂಟೆ ಇಳಿಸುವ ಮೊದಲೇ ಗೋಡೆಯೆದುರು ನಿಲ್ಲಿಸಿ, ಎರಡೂ ಕಡೆ ಸ್ಕ್ರೂ ಒಂದೂವರೆ ಸುತ್ತು ತಿರುಗಿಸಿದೆ. ಹಮಾಲರು ಛತ್ರಿ ಹಿಡಿದುಕೊಂಡು ಕಾಯುತ್ತಾ ನಿಂತಿದ್ದರು.